ನೈಋತ್ಯ ಮೂಲೆಯ ಕಲ್ಲು

ಕಾಲಿನಿಂದ ಒದ್ದು ನೋಡಿದ್ದೆನೋ ಇಲ್ಲವೋ, ಅದೇ ಈಗ ಖಚಿತವಿಲ್ಲ. ನೋಡಿದ್ದೆ ಎಂದು ಒಮ್ಮೊಮ್ಮೆ ಅನಿಸುತ್ತದೆ. ಬೂಟಿನ ತುದಿಗೆ ಕಲ್ಲು ಗಟ್ಟಿಯಾಗಿ ತಾಗಿದ್ದು, ಅಲುಗದೆ ನಿಂತಿದ್ದು ನೆನಪಿನಲ್ಲಿದೆ. ಆದರೆ ಅದು ಹಿಂದಿನ ದಿನ ನ್ಯಾಮತಿ ತಾಲ್ಲೂಕಿನ ಬೇರೆ ಗುಡ್ಡದಲ್ಲಿ ಒದ್ದ ಬೇರೆ ಕಲ್ಲೂ ಆಗಿರಬಹುದು. ಗಡಿಯ ಬಾಂದು ಕಲ್ಲು ಕಂಡರೆ ಒಮ್ಮೆ ಒದ್ದು ನೋಡುವುದು ನಮ್ಮ ಕೆಲಸದಲ್ಲಿ ಅಭ್ಯಾಸ. ಅಭ್ಯಾಸದ ತೊಂದರೆಯೆಂದರೆ, ಮಾಡಿದ ದಿನವೂ ಮಾಡದ ದಿನವೂ ಆಮೇಲೆ ಒಂದೇ ಥರ ಕಾಣುತ್ತವೆ.

ಆ ಕಲ್ಲು ಇದ್ದದ್ದು ಜಗಳೂರು ತಾಲ್ಲೂಕಿನಲ್ಲಿ, ಸೊಕ್ಕೆ ದಾಟಿ ಸ್ವಲ್ಪ ಮುಂದೆ, ಒಂದು ಬೋಳು ಗುಡ್ಡದ ಬುಡದಲ್ಲಿ. ಗುಡ್ಡದಲ್ಲಿ ಕಲ್ಲು ಗಣಿ ಆರಂಭಿಸಲು ಒಬ್ಬರಿಗೆ ಗುತ್ತಿಗೆ ಸಿಗುವುದಿತ್ತು. ಅದಕ್ಕೆ ಯೋಜನೆ ಬರೆಯುವುದು ನನ್ನ ಕೆಲಸ. ಎಲ್ಲಿಂದ ಎಲ್ಲಿಯವರೆಗೆ ಒಡೆಯಬಹುದು, ಲಾರಿಗಳು ಯಾವ ಕಡೆಯಿಂದ ಹತ್ತಬೇಕು, ಮೇಲಿನ ಮಣ್ಣನ್ನು ಎಲ್ಲಿ ಒಟ್ಟಬೇಕು, ಕೊನೆಗೆ ಉಳಿಯುವ ಹೊಂಡವನ್ನು ಏನು ಮಾಡಬೇಕು, ಇಷ್ಟನ್ನು ನಕಾಶೆ ಸಮೇತ ಬರೆದುಕೊಡಬೇಕು. ಗುತ್ತಿಗೆ ಕೇಳಿದವರು ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿ, ಕೆರೆಬಿಳಚಿಯ ಹತ್ತಿರದವರು. ಮಾತು ಕಡಿಮೆ, ಆತುರ ಜಾಸ್ತಿ. ಕಲ್ಲಿನ ವ್ಯವಹಾರ ಅವರಿಗೆ ಹೊಸದು. ರಾಶಿಗೆ ಕೈ ಹಾಕಿ ಅಡಿಕೆಯ ಗುಣ ಹೇಳುವವರು, ಗುಡ್ಡದ ಬಂಡೆಯನ್ನೂ ಹಾಗೆಯೇ ಅಂಗೈಯಿಂದ ಸವರಿ ನೋಡುತ್ತಿದ್ದರು.

ಮೊದಲ ದಿನ ನಾವಿಬ್ಬರೇ ಹೋಗಿದ್ದೆವು. ಸೀಗೆ ಹುಣ್ಣಿಮೆ ಮುಗಿದು ವಾರವೂ ಆಗಿರಲಿಲ್ಲ. ಸುತ್ತಲೂ ಮೆಕ್ಕೆಜೋಳ ಒಣಗುತ್ತಿತ್ತು. ಗುತ್ತಿಗೆಯ ಜಾಗಕ್ಕೆ ನಾಲ್ಕು ಮೂಲೆ. ಉತ್ತರದ ಎರಡೂ ಕಲ್ಲುಗಳು ಪೊದೆಯೊಳಗೆ ಸಿಕ್ಕವು, ಆಗ್ನೇಯದ್ದು ಅರ್ಧ ಹೂತಿತ್ತು. ಉಳಿದದ್ದು ನೈಋತ್ಯ. ಅದು ಮೂರು ಊರಿನ ಗಡಿ ಕೂಡುವ ಕಲ್ಲಾದ್ದರಿಂದ ಅದೇ ಮುಖ್ಯ. ಅದು ಹುಡುಕದೆಯೇ ಸಿಕ್ಕಿತು. ಒಂದು ಜಾಲಿ ಮರದ ಕೆಳಗೆ, ಹೊಲದ ಮೂಲೆಯಲ್ಲಿ, ಎರಡಡಿ ಎತ್ತರದ ಕಡೆದ ಕಲ್ಲು, ತಲೆಯ ಮೇಲೆ ಮೂರು ಗೀರಿನ ಗುರುತು, ಮೈಗೆಲ್ಲ ಹೊಸ ಸುಣ್ಣ.

ಅಧಿಕಾರಿಗಳು ಬರುವ ಮೊದಲು ಬಾಂದು ಕಲ್ಲಿಗೆ ಸುಣ್ಣ ಬಳಿದಿಡುವುದು ಎಲ್ಲ ಕಡೆ ಇರುವ ಪದ್ಧತಿ. ‘ನಮ್ಮೋರೇ ಬಳಿದಿರಬೇಕು’ ಎಂದು ಆ ವ್ಯಾಪಾರಿ, ಅಂದರೆ ಗಣಿಯ ಮಾಲೀಕರು, ಹೇಳಿದ ಹಾಗೆ ನೆನಪು. ಅವರು ಹೇಳಲಿಲ್ಲವೇನೋ, ನಾನೇ ಹಾಗೆ ಅಂದುಕೊಂಡು ಮಾತನ್ನು ಅವರ ಬಾಯಿಗೆ ಹಾಕಿರಬಹುದು. ಫೋನಿನಲ್ಲಿ ಆ ದಿನದ ಒಂದು ಫೋಟೋ ಇದೆ. ಕಲ್ಲು, ಅದರ ಪಕ್ಕ ನನ್ನ ಅಳತೆ ಕೋಲು, ಕೋಲಿನ ನೆರಳು. ತೀರ ಹತ್ತಿರದಿಂದ ತೆಗೆದದ್ದು. ಕಲ್ಲಿನ ಅಕ್ಕಪಕ್ಕ ಏನಿತ್ತು ಎಂಬುದು ಅದರಲ್ಲಿಲ್ಲ.

ದಾವಣಗೆರೆಯ ಕೋಣೆಗೆ ಬಂದು ಅಂಕಿಗಳನ್ನು ನಕಾಶೆಗೆ ಇಳಿಸಿದೆ. ಹಳೆಯ ಸರ್ವೆಯ ಟಿಪ್ಪಣಿಯಲ್ಲಿ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಎಷ್ಟು ಸರಪಳಿ, ಎಷ್ಟು ಆಣೆ ಎಂದು ಬರೆದಿರುತ್ತದೆ. ಮೂವತ್ತಮೂರು ಅಡಿಗೆ ಒಂದು ಸರಪಳಿ, ಸರಪಳಿಗೆ ಹದಿನಾರು ಆಣೆ. ಮೂರು ಬದಿ ತಕ್ಕಮಟ್ಟಿಗೆ ಹೊಂದಿದವು. ವಾಯವ್ಯದ ಕಲ್ಲಿನಿಂದ ನೈಋತ್ಯಕ್ಕೆ ಇಳಿಯುವ ಬದಿ ಮಾತ್ರ ನನ್ನ ಅಳತೆಯಲ್ಲಿ ಟಿಪ್ಪಣಿಗಿಂತ ಒಂದು ಸರಪಳಿಗೂ ಜಾಸ್ತಿ ಉದ್ದ ಬಂತು. ಗುಡ್ಡದ ಇಳಿಜಾರಿನಲ್ಲಿ ಸರಪಳಿ ಎಳೆದಿದ್ದಾರೆ, ವ್ಯತ್ಯಾಸ ಬಂದೇ ಬರುತ್ತದೆ ಎಂದುಕೊಂಡು ಮುಂದೆ ಹೋದೆ. ಕಾರಣವೊಂದು ಸಿಕ್ಕಿದರೆ ಸಾಕು, ಅದು ಸರಿಯೇ ಎಂದು ನೋಡುವ ತಾಳ್ಮೆ ಆ ವಾರ ನನ್ನಲ್ಲಿರಲಿಲ್ಲ.

ಆ ಸುಣ್ಣದ ಕಲ್ಲನ್ನು ಮೂಲೆಯೆಂದು ಹಿಡಿದರೆ ಎಲ್ಲವೂ ಸಲೀಸು. ಗುಡ್ಡದ ಬುಡದಲ್ಲಿ, ಡಾಂಬರು ರಸ್ತೆಯಿಂದ ಬರುವ ಒಂದು ಬಂಡಿ ದಾರಿಯಿದೆ. ದಕ್ಷಿಣದ ಗಡಿಗೆರೆ ಎಳೆದಾಗ ಆ ದಾರಿಯ ಎಂಬತ್ತು ಹೆಜ್ಜೆಯಷ್ಟು ಗುತ್ತಿಗೆಯ ಒಳಗೇ ಬಂತು. ಅದನ್ನೇ ಅಗಲ ಮಾಡಿ ಲಾರಿ ದಾರಿ ಎಂದು ತೋರಿಸಿದೆ. ದಾರಿ ಕೊನೆಯಾಗುವ ಕಡೆ ತೂಕದ ಮನೆ, ಅದರ ಪಕ್ಕ ಮಣ್ಣಿನ ರಾಶಿ, ಸುತ್ತ ಬೇಲಿ. ಕೊನೆಯ ಅಧ್ಯಾಯವನ್ನು ಹಿಂದೆ ಹೊನ್ನಾಳಿಯ ಕಡೆಗೆ ಬರೆದಿದ್ದ ಯೋಜನೆಯಿಂದ ಎತ್ತಿಕೊಂಡೆ: ಗಣಿಗಾರಿಕೆ ಮುಗಿದ ಮೇಲೆ ಹೊಂಡವನ್ನು ನೀರಿನ ಸಂಗ್ರಹಾಗಾರವಾಗಿ ಪರಿವರ್ತಿಸಲಾಗುವುದು, ಸುತ್ತ ಹೊಂಗೆ, ಬೇವು ನೆಡಲಾಗುವುದು. ಆ ವಾಕ್ಯವನ್ನು ನಾನು ಎಷ್ಟು ಸಲ ಬರೆದಿದ್ದೇನೋ.

ಆ ಬಂಡಿ ದಾರಿ ಎಲ್ಲಿಗೆ ಹೋಗುತ್ತದೆ ಎಂದು ನಾನು ನಡೆದು ನೋಡಿರಲಿಲ್ಲ. ಇದು ಮಾತ್ರ ಖಚಿತ.

ಎರಡನೆಯ ಸಲ ಹೋದದ್ದು ಸರ್ಕಾರಿ ಸರ್ವೆಯರ್ ಜೊತೆ, ಜಂಟಿ ಅಳತೆಗೆ. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ, ಬಾಯಲ್ಲಿ ಸದಾ ಎಲೆ ಅಡಿಕೆ. ಮಾಲೀಕರು ತಮ್ಮ ಊರಿನ ಅಡಿಕೆಯ ಒಂದು ಪೊಟ್ಟಣವನ್ನು ಅವರಿಗೆ ಕೊಟ್ಟಿದ್ದರು. ಸರ್ವೆಯರ್ ಒಂದು ಹೋಳು ಕಡಿದು, ‘ಅಡಿಕೆ ಚಲೋ ಐತೆ, ಗಡಿ ಹೆಂಗೈತೋ ನೋಡಾಣ’ ಎಂದು ಜಾಲಿ ಮರದ ಕಡೆ ನಡೆದರು. ನನ್ನ ಉಪಕರಣ ಇನ್ನೂ ಪೆಟ್ಟಿಗೆಯಲ್ಲಿತ್ತು. ಅವರು ಕಲ್ಲಿನ ಮುಂದೆ ನಿಂತು, ಚಪ್ಪಲಿ ಬಿಟ್ಟು, ಬರಿಗಾಲ ಹಿಮ್ಮಡಿಯಿಂದ ಒಮ್ಮೆ ಒತ್ತಿದರು. ಕಲ್ಲು ಅಲ್ಲಾಡಿತು. ಇನ್ನೊಮ್ಮೆ ಒತ್ತಿದಾಗ ಪಕ್ಕಕ್ಕೆ ವಾಲಿತು. ಕೆಳಗೆ ಒಂದು ಗೇಣು ಮಣ್ಣು, ಅಷ್ಟೇ.

‘ಮೇಡಂ, ಇದು ಹುಟ್ಟಿದ ಜಾಗ ಅಲ್ರೀ. ಯಾರೋ ತಂದು ಕುಂಡ್ರಿಸ್ಯಾರೆ.’

ಆಗ ಕಲ್ಲಿನ ಪಕ್ಕ ನೋಡಿದೆ. ತೆಂಗಿನಕಾಯಿಯ ಗಾತ್ರದ ನಾಲ್ಕು ಕಲ್ಲುಗಳು ಸಾಲಾಗಿ ಕುಳಿತಿದ್ದವು. ಅವಕ್ಕೂ ಸುಣ್ಣ, ಮಾಸಿದ ಕುಂಕುಮ. ಒಣಗಿದ ಚೆಂಡು ಹೂವು. ಸೀಗೆ ಹುಣ್ಣಿಮೆಗೆ ಹೊಲದಲ್ಲಿ ಐದು ಕಲ್ಲಿಟ್ಟು, ಪಾಂಡವರು ಎಂದು ಪೂಜೆ ಮಾಡಿ, ಬೆಳೆಗೆ ಚರಗ ಎಂದು ನೈವೇದ್ಯದ ಅನ್ನ ಚೆಲ್ಲುವುದು ಈ ಕಡೆ ಎಲ್ಲರಿಗೂ ಗೊತ್ತಿರುವುದೇ. ನಾನು ಚಿಕ್ಕಂದಿನಲ್ಲಿ ಆ ಊಟಕ್ಕಾಗಿಯೇ ಕಾಯುತ್ತಿದ್ದೆ. ಮೊದಲ ದಿನ ಈ ನಾಲ್ಕು ಕಲ್ಲು ಅಲ್ಲಿರಲಿಲ್ಲವೇ? ಹುಣ್ಣಿಮೆಯಾಗಿ ವಾರವೂ ಆಗಿರಲಿಲ್ಲ, ಇದ್ದೇ ಇರಬೇಕು. ನಾನು ಗಡಿ ಹುಡುಕುತ್ತಿದ್ದೆ, ಗಡಿ ಸಿಕ್ಕಿತು. ಧರ್ಮರಾಯನನ್ನು ಬಾಂದು ಕಲ್ಲೆಂದು ಹಿಡಿದು ನಕಾಶೆ ಬರೆದಿದ್ದೆ.

ಆದರೆ ತಲೆಯ ಮೇಲಿನ ಮೂರು ಗೀರು? ಸರ್ವೆಯರ್ ಅದನ್ನು ಬೆರಳಿನಿಂದ ತೀಡಿ ನೋಡಿದರು. ಕಲ್ಲೇನೋ ಸರ್ಕಾರದ್ದೇ, ಮೂರು ಊರಿನ ಗಡಿಯದ್ದೇ. ಜಾಗ ಮಾತ್ರ ಅದರದ್ದಲ್ಲ.

ಮಾಲೀಕರಿಗೆ ಇದು ಸಮಸ್ಯೆ ಅನಿಸಲೇ ಇಲ್ಲ. ಕಲ್ಲು ಸಿಕ್ಕಿದೆಯಲ್ಲ, ಸಾಕು ಎಂದರು. ಅದಕ್ಕಿಂತ ಹೆಚ್ಚು ಹೇಳಿದರು.

‘ಪೂಜೆ ಮಾಡಿದ ಕಲ್ಲು ಸುಳ್ಳು ಹೇಳ್ತತೇನ್ರೀ ಮೇಡಂ? ಕಾಗದ ಸುಳ್ಳು ಹೇಳಬೌದು.’

‘ಹಂಗಾದ್ರೆ ಮುಂದಿನ ವರ್ಷ ನಿಮ್ಮ ತೋಟದಾಗೆ ಇಟ್ಟು ಪೂಜೆ ಮಾಡ್ತಾರೆ, ಅಲ್ಲಿಗೇ ಗಡಿ ಹಾಕಾಣೇನು?’ ಎಂದರು ಸರ್ವೆಯರ್. ಮಾಲೀಕರು ನಗಲಿಲ್ಲ. ಫೋನ್ ಬಂತೆಂದು ಜೀಪಿನ ಕಡೆ ಹೋದರು.

ಹೊಲದ ಹೆಣ್ಣುಮಗಳು ಬಂದದ್ದು ಆಗ. ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಕುಡಗೋಲು ಕೈಯಲ್ಲಿತ್ತು, ಮೆಕ್ಕೆಜೋಳ ಕೊಯ್ಯುತ್ತಿದ್ದಳು. ಗಂಡ ಜಗಳೂರಿನಲ್ಲಿ ಲಗೇಜ್ ಆಟೋ ಓಡಿಸುತ್ತಾನೆ, ನಾಲ್ಕು ಎಕರೆ ಹೊಲ ನೋಡಿಕೊಳ್ಳುವವಳು ಆಕೆಯೇ. ನೀರಿನ ಬಾಟಲಿ ಕೊಟ್ಟು, ನನ್ನನ್ನು ಸ್ಕೂಲಿನ ಟೀಚರನ್ನು ಕರೆಯುವಂತೆ ಅಕ್ಕಾರೆ ಎಂದು ಕರೆದು, ಲಾರಿ ದಾರಿ ಎಲ್ಲಿ ಬರುತ್ತದೆ ಎಂದು ಕೇಳಿದಳು. ಬಂಡಿ ದಾರಿಯನ್ನು ತೋರಿಸಿದೆ. ಆಕೆ ಬನ್ನಿ ಎಂದು ನಡೆಸಿಕೊಂಡು ಹೋದಳು.

ಆ ದಾರಿ ಆಕೆಯ ಹೊಲದಲ್ಲಿ ಮುಗಿಯುತ್ತದೆ. ಉತ್ತರಕ್ಕೆ ಗುಡ್ಡ, ಉಳಿದ ಮೂರು ಕಡೆ ಹಳ್ಳ ಬಳಸಿಕೊಂಡಿದೆ. ಹಳ್ಳದ ದಂಡೆ ಆಳೆತ್ತರ. ಟ್ರ್ಯಾಕ್ಟರ್ ಬರುವುದು, ಗೊಬ್ಬರ ಬರುವುದು, ಬೆಳೆ ಹೋಗುವುದು ಇದೊಂದೇ ದಾರಿಯಲ್ಲಿ. ನನ್ನ ನಕಾಶೆಯ ಬೇಲಿ ಬಿದ್ದರೆ ಹೊಲ ಇದ್ದೂ ಇಲ್ಲದ ಹಾಗೆ. ಆಕೆಗೆ ಉಳಿಯುವುದು ಅದನ್ನು ಗಣಿಯವರಿಗೇ ಮಾರುವ ದಾರಿ. ಅದನ್ನು ಆಕೆ ಬಿಡಿಸಿ ಹೇಳಲಿಲ್ಲ. ಹೇಳಿದ್ದು ಬೇರೆ. ನಾಲ್ಕು ವರ್ಷದ ಹಿಂದೆ ಬಂಡಿ ದಾರಿಯ ಮೇಲ್ಬದಿಯಲ್ಲಿ, ಗುಡ್ಡಕ್ಕೆ ತಾಗಿ, ಖಾಲಿ ಬಿದ್ದಿದ್ದ ಪಟ್ಟಿಯಲ್ಲಿ ಎರಡು ಸಾಲು ತೊಗರಿ ಹಾಕೋಣ ಎಂದು ಬಾಡಿಗೆ ಟ್ರ್ಯಾಕ್ಟರ್ ಹೊಡೆಸಿದ್ದರು. ನೇಗಿಲಿಗೆ ಕಲ್ಲು ಸಿಕ್ಕಿ ಕಿತ್ತು ಬಂತು.

‘ಬಿಸಾಕಾಕೆ ಭಯ ಆತು ಅಕ್ಕಾರೆ, ಸರ್ಕಾರದ ಕಲ್ಲು. ತಿರುಗಿ ನೆಡಾಕೆ ಜಾಗ ಗೊತ್ತಾಗ್ಲಿಲ್ಲ, ಎಲ್ಲ ಉತ್ತು ಬಿಟ್ಟಿತ್ತು. ಅದಕ್ಕೇ ಉರುಳಿಸ್ಕೊಂಡು ಬಂದು ದೇವ್ರ ಜೊತೆಗೆ ಐದನೇ ಕಲ್ಲಾಗಿ ಕುಂಡ್ರಿಸಿದ್ವಿ. ಯಾರೂ ಮುಟ್ಟಲ್ಲ ಅಂತ.’

ಎಲ್ಲಿಂದ ಎಂದು ಕೇಳಿದೆ. ಕುಡಗೋಲಿನಿಂದ ದಾರಿಯ ಮೇಲ್ಬದಿಯ ಕಡೆ ತೋರಿಸಿದಳು. ಎಂಟು ಹತ್ತು ಮಾರು ಎಂದಳು. ಗಂಡನಿಗೆ ಫೋನ್ ಮಾಡಿ ಕೇಳಿದಾಗ ಆತ ಇಪ್ಪತ್ತು ಹೆಜ್ಜೆ ಅಂದ, ದಿಕ್ಕು ಬೇರೆ ಹೇಳಿದ. ಇಬ್ಬರೂ ಫೋನಿನಲ್ಲೇ ಜಗಳಕ್ಕೆ ನಿಂತರು.

ಸರ್ವೆಯರ್ ನಮ್ಮ ಜೊತೆ ಬಂದು ಪಕ್ಕದಲ್ಲೇ ಕೂತಿದ್ದರು. ಆಕೆ ಬಾಯಿ ತೆರೆದ ಕೂಡಲೇ, ಉಗುಳುವುದಕ್ಕೆಂದು ಎದ್ದು ಹಳ್ಳದ ದಂಡೆಯವರೆಗೂ ಹೋದವರು, ಮಾತು ಮುಗಿದ ಮೇಲೆಯೇ ಬಂದರು. ಗಡಿಕಲ್ಲು ಕಿತ್ತದ್ದು ಅಪರಾಧ. ಅವರು ಕೇಳಿಸಿಕೊಂಡರೆ ಬರೆಯಬೇಕಾಗುತ್ತದೆ. ‘ನನಗೆ ಒಂದು ಕಿವಿ ಮಂದ ಐತ್ರೀ’ ಎಂದು ನನಗೆ ಹೇಳಿದರು. ಬೆಳಿಗ್ಗೆಯಿಂದ ಅವರಿಗೆ ಎಲ್ಲವೂ ಕೇಳಿಸುತ್ತಿತ್ತು.

ಅಂದು ಮಧ್ಯಾಹ್ನದಿಂದ ಮೂರು ದಿನ ಆ ಮೂಲೆಯನ್ನು ಹುಡುಕಿದೆವು. ನನ್ನ ಇಳಿಜಾರಿನ ಸಮಾಧಾನವನ್ನು ಸರ್ವೆಯರಿಗೆ ಹೇಳಿದಾಗ ಅವರು ಟಿಪ್ಪಣಿಯ ನಕಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ನಕ್ಕರು. ಇಳಿಜಾರಿನ ಮೇಲೆ ಸರಪಳಿ ಎಳೆದರೆ ಅಳತೆ ನಿಜಕ್ಕಿಂತ ಜಾಸ್ತಿ ಬರಬೇಕು. ಹಳೆಯವರ ಅಳತೆ ನನ್ನದಕ್ಕಿಂತ ಕಡಿಮೆ ಇತ್ತು. ನಾನು ಕಾರಣವನ್ನು ತಲೆಕೆಳಗಾಗಿ ಹಿಡಿದಿದ್ದೆ. ಕಾಲೇಜಿನ ಮೊದಲ ವರ್ಷದಲ್ಲಿ ಕಲಿಸುವ ವಿಷಯ ಇದು. ನಾಚಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಹೊತ್ತಿಗೆ ಆದದ್ದು ಸಿಟ್ಟು, ಅದೂ ಅವರ ಮೇಲೆ.

ವಾಯವ್ಯದ ಕಲ್ಲಿನಿಂದ, ಪಕ್ಕದೂರಿನ ಗಡಿಕಲ್ಲಿನಿಂದ, ಆಗ್ನೇಯದ ಕಲ್ಲಿನಿಂದ, ಎರಡೆರಡನ್ನು ಜೋಡಿ ಮಾಡಿ ಟಿಪ್ಪಣಿಯ ಅಳತೆ ಹಾಕಿದೆವು. ಮೂರು ಜೋಡಿಗೂ ಒಂದೇ ಬಿಂದು ಸಿಗಬೇಕು. ಮೂರು ಬೇರೆ ಬೇರೆ ಬಿಂದು ಸಿಕ್ಕವು. ಮೂರು ಗೂಟ ಹೊಡೆದೆವು. ಎರಡು ದಾರಿಯ ಮೇಲ್ಬದಿಗೆ, ಒಂದು ಕೆಳಬದಿಗೆ. ಮೂಲೆ ಮೇಲ್ಬದಿಯಲ್ಲಿದ್ದರೆ ದಾರಿ ಗುತ್ತಿಗೆಯ ಹೊರಗೆ, ಕೆಳಬದಿಯಲ್ಲಿದ್ದರೆ ಒಳಗೆ. ಬಂಡಿ ದಾರಿ ಸರಿಯಾಗಿ ಅವುಗಳ ನಡುವೆ ಹಾದುಹೋಗಿತ್ತು. ಮತ್ತೆ ಅಳೆದೆವು. ಗೂಟಗಳು ಒಂದೊಂದು ಗೇಣು ಸರಿದವು, ಹತ್ತಿರ ಬರಲಿಲ್ಲ.

ಹಳೆಯ ಕಾಲದ ಸರ್ವೆಯವರು ಇಂಥ ಮುಖ್ಯ ಕಲ್ಲಿನ ಬುಡದಲ್ಲಿ ಇದ್ದಿಲು ಹೂಳುತ್ತಿದ್ದರು, ಕಲ್ಲು ಹೋದರೂ ಇದ್ದಿಲು ಕೊಳೆಯುವುದಿಲ್ಲ ಎಂದು ಸರ್ವೆಯರ್ ಹೇಳಿದರು. ಅವರಿಗೆ ಅವರ ಗುರುಗಳು ಹೇಳಿದ್ದಂತೆ. ಸರಿ, ಮೂರು ಗೂಟದ ಹತ್ತಿರವೂ ಅಗೆಸಿದೆವು. ಕೆಳಗಿನದರಲ್ಲಿ ಬರೀ ಗೊರಜು, ಸಣ್ಣ ಕಲ್ಲಿನ ಮಣ್ಣು. ಮೇಲಿನ ಒಂದರಲ್ಲಿ ಬಂಡೆ ಹತ್ತಿತು. ಇನ್ನೊಂದರಲ್ಲಿ, ಮೊಣಕೈ ಆಳದಲ್ಲಿ, ಕಪ್ಪು ಚೂರುಗಳು ಬಂದವು. ಬೆರಳಿಗೆ ಮಸಿ ಹತ್ತಿತು. ಹೆಣ್ಣುಮಗಳು ಹೊಲದ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ನನಗೆ ಎದೆ ಹಗುರಾಯಿತು.

‘ಇದ್ಲು ಹೌದು’ ಎಂದರು ಸರ್ವೆಯರ್. ಆಮೇಲೆ, ‘ಕುರಿಯೋರು ಬೆಂಕಿ ಹಾಕಿದ್ದೂ ಇರಬೌದು. ಬೇರು ಸುಟ್ಟಿದ್ದೂ ಇರಬೌದು.’

ಮಾಲೀಕರು ಎರಡನೆಯ ಮಾತನ್ನು ಹಿಡಿದುಕೊಂಡರು. ಕುರಿಯವರ ಬೂದಿ ನೋಡಿ ನನ್ನ ದಾರಿ ಬಿಟ್ಟುಕೊಡಲೇ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಉತ್ತರದಿಂದ ಬಂದರೆ ದಾರಿ ಸುತ್ತು, ನಡುವೆ ಹಳ್ಳದ ಎರಡು ಕವಲಿಗೆ ಮೋರಿ ಕಟ್ಟಬೇಕು, ಸರ್ಕಾರಿ ಜಾಗ ದಾಟುವುದಕ್ಕೆ ಬೇರೆ ಅನುಮತಿ ಬೇಕು. ‘ನಿಮ್ಮನ್ನ ಕರೆಸಿದ್ದು ದಾರಿ ತೋರ್ಸಾಕೆ, ಇದ್ದ ದಾರಿ ಕಳಿಯಾಕಲ್ಲ’ ಎಂದರು. ಮೆಲ್ಲಗೆ ಹೇಳಿದರು. ಜೋರಾಗಿ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೂರನೆಯ ದಿನ ಸಂಜೆ ಹೆಣ್ಣುಮಗಳು ನನ್ನ ನಕಾಶೆ ನೋಡಬೇಕೆಂದಳು. ಬಾನೆಟ್ಟಿನ ಮೇಲೆ ಹರಡಿ ತೋರಿಸಿದೆ. ನೀಲಿ ಬಣ್ಣ ಹಚ್ಚಿದ್ದು ಏನು ಎಂದಳು. ಮುಗಿದ ಮೇಲೆ ಹೊಂಡದಲ್ಲಿ ನಿಲ್ಲುವ ನೀರು ಎಂದೆ. ಎಷ್ಟು ಆಳ, ಗೋಡೆ ಹೇಗಿರುತ್ತದೆ ಎಂದು ಕೇಳಿದಳು. ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತೇವೆ, ಒಂದೊಂದು ಮೆಟ್ಟಿಲು ಮೂರಾಳುದ್ದ ಎಂದೆ.

‘ದನ ಇಳಿಯಾಕೆ ದಾರಿ ಎಲ್ಲೈತೆ?’

ಎಲ್ಲೂ ಇರಲಿಲ್ಲ. ಲಾರಿ ಹತ್ತುವ ಇಳಿಜಾರನ್ನು ಕೊನೆಯ ವರ್ಷ ಒಡೆದು ತೆಗೆಯುವುದೆಂದು ನಾನೇ ಬರೆದಿದ್ದೆ, ಅದರಲ್ಲೂ ಕಲ್ಲಿದೆಯಲ್ಲ ಎಂದು. ನೀರಿನ ಸಂಗ್ರಹಾಗಾರ ಎಂದು ಎಷ್ಟೋ ಯೋಜನೆಗಳಲ್ಲಿ ಬರೆದವಳು ನಾನು. ಆ ನೀರಿನ ಹತ್ತಿರ ಒಂದು ಎಮ್ಮೆ ಹೇಗೆ ಹೋಗುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ತೀರ್ಮಾನ ಆಗ ಮಾಡಿದೆನೋ, ದಾವಣಗೆರೆಗೆ ಮರಳುವ ದಾರಿಯಲ್ಲೋ, ಗೊತ್ತಿಲ್ಲ. ಮಾಡಿದ್ದು ಇಷ್ಟು. ಮೂಲೆ ಎಲ್ಲಿ ಎಂದು ಗೊತ್ತಿಲ್ಲ ಎಂಬುದನ್ನೇ ಬರೆಯುವುದು. ‘ನೈಋತ್ಯದ ಕಲ್ಲು ಸ್ಥಳಾಂತರಗೊಂಡಿದೆ, ಮೂಲ ಸ್ಥಳ ನಿರ್ಧಾರವಾಗಿಲ್ಲ’ ಎಂದು ಬರೆದೆ. ಯಾರು ಸರಿಸಿದರು, ಯಾವಾಗ ಎಂಬುದನ್ನು ಬರೆಯಲಿಲ್ಲ. ಮೂರು ಗೂಟಗಳನ್ನೂ ನಕಾಶೆಯಲ್ಲಿ ತೋರಿಸಿ, ಮೂರೂ ಹೊರಗುಳಿಯುವ ಹಾಗೆ ಗುತ್ತಿಗೆಯ ಗೆರೆಯನ್ನು ಗುಡ್ಡದ ಕಡೆಗೆ ಎಳೆದೆ. ಗೆರೆಯಿಂದ ಒಳಕ್ಕೆ ನಿಯಮದಂತೆ ಒಡೆಯದೆ ಬಿಡಲೇಬೇಕಾದ ಏಳೂವರೆ ಮೀಟರ್ ಪಟ್ಟಿಯನ್ನು ಅಲ್ಲಿಂದ ಹಿಡಿದೆ. ಗುಡ್ಡದ ಮೇಲಿರುವುದೇ ಒಂದು ಗೇಣು ಮಣ್ಣು. ಅದನ್ನು ಆ ಪಟ್ಟಿಯ ಉದ್ದಕ್ಕೂ ಬದುವಿನಂತೆ ಒಟ್ಟಿ, ಮೊದಲ ಮಳೆಗೇ ಹೊಂಗೆ ಹಾಕುವುದು. ಲಾರಿ ದಾರಿ ಉತ್ತರಕ್ಕೆ. ಹೊಂಡದ ನೈಋತ್ಯ ಗೋಡೆಯನ್ನು ಮೆಟ್ಟಿಲಾಗಿ ಕಡಿಯದೆ ಓರೆಯಾಗಿ ಉಳಿಸುವುದು. ಕಲ್ಲು ಮುಗಿದ ವರ್ಷ ಬೇಲಿಯಲ್ಲಿ ಗೇಟು ಮಾಡಿ, ಬಂಡಿ ದಾರಿಯಿಂದ ನೇರ ನೀರಿಗೆ ಇಳಿಯುವ ಹಾಗೆ ಮಾಡುವುದು. ಇಷ್ಟರಿಂದ ಕಳೆದುಹೋಗುವ ಕಲ್ಲೆಷ್ಟು ಎಂಬುದನ್ನೂ ಮುಚ್ಚಿಡದೆ ಬರೆದೆ.

ಕಾಗದಗಳನ್ನು ಚನ್ನಗಿರಿಗೆ ತೆಗೆದುಕೊಂಡು ಹೋಗಿ ಮಾಲೀಕರ ಮುಂದಿಟ್ಟೆ. ಅವರು ಕೊನೆಯ ಹಾಳೆಯವರೆಗೂ ಓದಿದರು. ಸಹಿ ಹಾಕಲಿಲ್ಲ. ಬೇರೆಯವರಿಂದ ಬರೆಸುತ್ತೇನೆ ಎಂದೂ ಅನ್ನಲಿಲ್ಲ. ಮೂರು ವಾರ ಫೋನ್ ಎತ್ತಲಿಲ್ಲ. ಆ ಮೂರು ವಾರ ನಾನು ಕುಳಿತಲ್ಲಿ ಕೂರಲಿಲ್ಲ. ಸುಮ್ಮನೆ ನಕಾಶೆ ತೆಗೆದು ಗೂಟಗಳ ನಡುವಿನ ದೂರ ಮತ್ತೆ ಲೆಕ್ಕ ಹಾಕುತ್ತಿದ್ದೆ. ಪೆನ್ಸಿಲಿನಲ್ಲಿ ಹಳೆಯ ಗೆರೆಯನ್ನೇ ಎರಡು ಸಲ ಎಳೆದು ಅಳಿಸಿದ್ದೂ ಉಂಟು. ಆಮೇಲೆ ಒಂದು ಬೆಳಿಗ್ಗೆ ಅವರು ಸಹಿ ಹಾಕಿ ಕಳಿಸಿದರು. ಯಾಕೆಂದು ಕೇಳಿದ್ದಕ್ಕೆ, ‘ನಮ್ಮ ಮನೆಯಾಗೂ ಸೀಗೆ ಹುಣ್ಣಿಮೆ ಮಾಡ್ತೀವ್ರೀ’ ಎಂದರು. ಅದು ಉತ್ತರವೋ, ಉತ್ತರ ತಪ್ಪಿಸಿದ್ದೋ ತಿಳಿಯಲಿಲ್ಲ. ಗಡಿ ತಕರಾರಿನಲ್ಲಿ ಗುತ್ತಿಗೆಯೇ ನಿಂತುಹೋಗಬಹುದು ಎಂದು ಯಾರಾದರೂ ಅವರಿಗೆ ಹೇಳಿರಲೂಬಹುದು.

ಯೋಜನೆಗೆ ಒಪ್ಪಿಗೆ ಸಿಕ್ಕಿತು. ಉತ್ತರದ ಮೋರಿಗಳಾದವು, ಅಲ್ಲಿಂದ ಕಲ್ಲು ಹೊರಡುತ್ತಿದೆ. ಇದ್ದಿಲು ಸಿಕ್ಕ ಕಡೆ ಸರ್ವೆಯರ್ ಹೊಸ ಕಲ್ಲು ನೆಡಿಸಿದರು, ಮೂರೂ ಊರಿನವರಿಂದ ಸಹಿ ಮಾಡಿಸಿಕೊಂಡು. ಹಳೆಯ ಕಲ್ಲನ್ನು ಏನು ಮಾಡುವುದು ಎಂದು ಕೇಳಿದಾಗ ಅವರ ಮಂದ ಕಿವಿಗೆ ಅದು ಕೇಳಿಸಲಿಲ್ಲ.

ಮುಂದಿನ ಸೀಗೆ ಹುಣ್ಣಿಮೆಗೆ ಹೆಣ್ಣುಮಗಳು ಊಟಕ್ಕೆ ಕರೆದಳು. ಟ್ರ್ಯಾಕ್ಟರಿನ ಹೊಸ ಗಾಲಿಗುರುತು ದಾರಿಯ ಮೇಲಿತ್ತು. ಅದನ್ನೇ ಹಿಡಿದು ಹೊಲದ ಕೊನೆಯವರೆಗೂ ಈ ಸಲ ನಡೆದೆ. ಜಾಲಿ ಮರದ ಕೆಳಗೆ ಐದೂ ಕಲ್ಲುಗಳು ಸುಣ್ಣ ಬಳಿದುಕೊಂಡು ಕುಳಿತಿದ್ದವು, ದೊಡ್ಡದು ಬಲತುದಿಗೆ. ಪೂಜೆ ಆಗುವಾಗ ಆಕೆಯನ್ನು ಕೇಳಿದೆ, ಕಲ್ಲು ದಾರಿಯ ಮೇಲ್ಬದಿಯಲ್ಲೇ ಇತ್ತೆಂಬುದು ನಿಜವೇ ಎಂದು. ಆಕೆ ಅಗರಬತ್ತಿಯನ್ನು ಮಣ್ಣಿಗೆ ಸಿಕ್ಕಿಸುತ್ತ, ‘ನೀವೇ ಇದ್ಲು ಹುಡುಕಿದ್ರಲ್ಲ ಅಕ್ಕಾರೆ’ ಎಂದಳು.

ಕಲ್ಲಿನ ತಲೆಯ ಮೇಲಿನ ಮೂರು ಗೀರು ಕುಂಕುಮದಲ್ಲಿ ಮುಚ್ಚಿತ್ತು. ಒಮ್ಮೆ ಕಾಲಿನಿಂದ ಒತ್ತಿ ನೋಡಬೇಕು ಅನಿಸಿತು. ಪೂಜೆಯಾದ ಕಲ್ಲಿಗೆ ಕಾಲು ತಾಗಿಸುವುದು ಹೇಗೆ? ಚಪ್ಪಲಿ ಬಿಟ್ಟು ಸುಮ್ಮನೆ ನಿಂತಿದ್ದೆ. ಅದು ಮೊದಲು ಎಲ್ಲಿತ್ತು ಎಂಬುದು ನನಗೆ ಗೊತ್ತಿಲ್ಲ.